ಹಂಸಪಾದ

ಉಗುರಿನ ಬುಡಕ್ಕೆ ಸೇರಿದ ಪ್ರೆಸ್ಸಿನ ಮಸಿ ಸಾಬೂನಿಗೆ ಹೋಗುವುದಿಲ್ಲ. ಬಟ್ಟೆಯ ತುದಿಯನ್ನು ಚಿಮಣಿ ಎಣ್ಣೆಯಲ್ಲಿ, ಅಂದರೆ ಸೀಮೆಎಣ್ಣೆಯಲ್ಲಿ, ಅದ್ದಿ ಒಂದೊಂದೇ ಬೆರಳನ್ನು ಒರೆಸಬೇಕು. ಮಸಿ ಹೋಗುತ್ತದೆ, ಎಣ್ಣೆಯ ವಾಸನೆ ಮಾತ್ರ ಎರಡು ದಿನ ರೊಟ್ಟಿ ಮುರಿಯುವ ಕೈಯಲ್ಲಿ ಉಳಿಯುತ್ತದೆ.

ಕಳೆದ ತಿಂಗಳು ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿ ಸೈಕಲ್ ರಿಪೇರಿಯ ಮುದುಕರೊಬ್ಬರು ಚೈನನ್ನು ಚಿಮಣಿ ಎಣ್ಣೆಯಲ್ಲಿ ತೊಳೆಯುತ್ತ ಕುಳಿತಿದ್ದರು. ಈಗಿನ ದಿನಗಳಲ್ಲಿ ಅದು ಅವರಿಗೆ ಎಲ್ಲಿ ಸಿಕ್ಕಿತೋ. ನಡೆದು ಹೋಗುತ್ತಿದ್ದ ನಾನು ನಿಂತು, ನನಗೇ ತಿಳಿಯದಂತೆ ಬಲಗೈಯನ್ನು ಮೂಗಿನ ಹತ್ತಿರ ತಂದಿದ್ದೆ. ಧಾರವಾಡದ ಅತ್ತೆಯ ಮನೆಯಲ್ಲಿ ನಾನು ಕಳೆದ ಮೊದಲ ವರ್ಷಕ್ಕೆ ಆ ವಾಸನೆ ಇದೆ. ಆಗ ನನಗೆ ಹನ್ನೆರಡು ತುಂಬಿತ್ತು. ಆ ವರ್ಷದ ಬಗ್ಗೆ ನಾನು ಯಾರಿಗೂ ಹೆಚ್ಚು ಹೇಳಿದವಳಲ್ಲ. ಹೇಳುವುದು ನನಗೆ ಕಷ್ಟ, ಬರೆಯುವುದು ಸ್ವಲ್ಪ ಕಡಿಮೆ ಕಷ್ಟ. ಬರೆಯುವುದನ್ನು ಕಲಿತದ್ದೂ ಆ ವರ್ಷವೇ.

ಅವ್ವನ ನೆನಪು ನನಗಿಲ್ಲ. ಹಳೇ ಹುಬ್ಬಳ್ಳಿಯ ಎರಡು ಖೋಲಿಯ ಮನೆಯಲ್ಲಿ ಅಪ್ಪ ಮತ್ತು ನಾನು ಇದ್ದೆವು. ಅಪ್ಪ ಹೊಲಿಗೆ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದ. ನನ್ನ ಆರನೆಯ ತರಗತಿಯ ಪರೀಕ್ಷೆ ಮುಗಿದ ವಾರ ಅವನಿಗೆ ಜ್ವರ ಬಂತು. ಆಸ್ಪತ್ರೆಗೆ ಹೋದವನು ತಿರುಗಿ ಬರಲಿಲ್ಲ. ಜೂನ್ ಮೊದಲ ವಾರ ಅವನ ಅಕ್ಕ ಬಂದು ನನ್ನನ್ನು ಧಾರವಾಡಕ್ಕೆ ಕರೆದುಕೊಂಡು ಹೋದರು. ಜಿಟಿಜಿಟಿ ಮಳೆ ಹಿಡಿದಿತ್ತು. ಬಾಗಿಲಲ್ಲಿ ಕಾಲು ಒರೆಸಿಕೊಳ್ಳುತ್ತಿದ್ದಾಗ ಅತ್ತೆ, "ಈ ವರ್ಷ ಇಲ್ಲೆ ಇರು. ಮುಂದಿಂದು ಮುಂದ ನೋಡೋಣು" ಎಂದರು. ಅವರು ಹೇಳಿದ್ದು ನನ್ನ ಸಮಾಧಾನಕ್ಕೆ. ನಾನು ಕೇಳಿಸಿಕೊಂಡದ್ದು ಒಂದು ಅವಧಿಯನ್ನು.

ಅತ್ತೆ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಅವರ ಒಬ್ಬಳೇ ಮಗಳು ಮದುವೆಯಾಗಿ ಗದಗಿನಲ್ಲಿದ್ದಳು. ಮಾಮಾ, ಅಂದರೆ ಅತ್ತೆಯ ಗಂಡ, ಮನೆಯ ಮುಂದಿನ ಖೋಲಿಯಲ್ಲಿ ಒಂದು ಸಣ್ಣ ಪ್ರೆಸ್ ಇಟ್ಟಿದ್ದರು. ಒಂದು ಕಂಪ್ಯೂಟರ್, ಒಂದು ಸಣ್ಣ ಆಫ್‌ಸೆಟ್ ಯಂತ್ರ, ಕಾಗದ ಕತ್ತರಿಸುವ ಯಂತ್ರ, ಗೋಡೆಯ ಮೊಳೆಗೆ ಚುಚ್ಚಿದ ಹಳೆಯ ಪ್ರೂಫುಗಳು. ಲಗ್ನಪತ್ರಿಕೆ, ಪಾವತಿ ಪುಸ್ತಕ, ಯಾರದೋ ವೈಕುಂಠ ಸಮಾರಾಧನೆಯ ಕಾರ್ಡು. ಅತ್ತೆ ಎಷ್ಟು ಕಡಿಮೆ ಮಾತಾಡುತ್ತಿದ್ದರೋ ಮಾಮಾ ಅಷ್ಟು ಹೆಚ್ಚು.

ಕಾಗದದ ಅಂಚು ಕತ್ತರಿಸಿದಾಗ ಮೂರು ಬೆರಳು ಅಗಲದ ಉದ್ದನೆಯ ಪಟ್ಟಿಗಳು ಕೆಳಗೆ ಬೀಳುತ್ತಿದ್ದವು. ನಾನು ಅವುಗಳನ್ನೇ ನೋಡುತ್ತ ನಿಂತದ್ದನ್ನು ಮಾಮಾ ಎರಡನೆಯ ದಿನವೇ ಕಂಡರು.

"ಏನವಾ, ರದ್ದಿ ಮ್ಯಾಲ ಕಣ್ಣು ಬಿತ್ತಲ್ಲ?"

ನಾನು ಇಲ್ಲವೆಂದು ತಲೆ ಆಡಿಸಿದೆ.

"ತಗೋ, ತಗೋ. ಓಣ್ಯಾನ ಆಕಳಾ ಸುದ್ದಾ ಇದನ್ನ ಮೂಸೂದಿಲ್ಲ."

ಆ ಪಟ್ಟಿಗಳ ಮೇಲೆ ಬರೆಯತೊಡಗಿದೆ. ಒಂದು ಸಾಲಿಗೆ ಮೂರು, ಬಹಳವೆಂದರೆ ನಾಲ್ಕು ಪದ ಹಿಡಿಯುತ್ತಿತ್ತು. ಬೇಡದ ಪದಕ್ಕೆ ಜಾಗವಿರಲಿಲ್ಲ. ಈಗಲೂ ನನ್ನ ವಾಕ್ಯಗಳು ಗಿಡ್ಡವೆಂದು ಓದಿದವರು ಹೇಳುತ್ತಾರೆ; ಅದು ನನ್ನ ಗುಣವಲ್ಲ, ಕಾಗದದ ಗುಣ.

ಆ ವರ್ಷದ ನನ್ನ ಕಥೆಗಳಲ್ಲಿ ಯಾರೂ ಸಾಯುತ್ತಿರಲಿಲ್ಲ. ಹೋದವರೆಲ್ಲ ಬಸ್ಸಿನಲ್ಲೋ ಪ್ಯಾಸೆಂಜರ್ ಗಾಡಿಯಲ್ಲೋ ತಿರುಗಿ ಬರುತ್ತಿದ್ದರು. ಹೊಸ ಶಾಲೆಯಲ್ಲಿ ಹುಡುಗಿಯರು "ನಿಮ್ಮಪ್ಪ ಎಲ್ಲಿರ್ತಾನ?" ಎಂದು ಕೇಳಿದರೆ "ಹುಬ್ಬಳ್ಳ್ಯಾಗ" ಎನ್ನುತ್ತಿದ್ದೆ. ಸುಳ್ಳು ಹೇಳಿದೆ ಅನಿಸುತ್ತಿರಲಿಲ್ಲ. ಒಂದು ಊರಿನ ಹೆಸರು ಹೇಳಿದ್ದೆ, ಅಷ್ಟೆ.

ಒಂದು ಸಂಜೆ ಅತ್ತೆ ನನ್ನ ಪಟ್ಟಿಯ ಕಡೆ ಕೈ ಚಾಚಿ, ಮುಟ್ಟದೆ ನಿಲ್ಲಿಸಿ, "ಓದಲೇನು?" ಎಂದರು. ಅಪ್ಪಣೆ ಕೇಳಿ ಓದಿದರೆಂಬುದು ಈಗ ದೊಡ್ಡದಾಗಿ ಕಾಣುತ್ತದೆ. ಕೊಟ್ಟೆ. ಅವರು ಕೆಂಪು ಪೆನ್ನು ತಂದು ‘ಮನಿ’ ಎಂದು ಬರೆದಲ್ಲೆಲ್ಲ ಸುತ್ತು ಹಾಕಿದರು.

"ಬಾಯಾಗ ಮನಿ ಅನ್ನು, ಯಾರೂ ಬ್ಯಾಡ ಅನ್ನೂದಿಲ್ಲ. ಹಾಳಿ ಮ್ಯಾಲ ಮನೆ ಅಂತ ಬರಿ."

ಒಂದು ಕಡೆ ನಾನು ಒಂದು ಪದವನ್ನೇ ಬಿಟ್ಟಿದ್ದೆ. ಆ ಸಾಲಿನ ಬುಡದಲ್ಲಿ ಹಕ್ಕಿಯ ಹೆಜ್ಜೆಯಂಥ ಸಣ್ಣ ಗುರುತು ಹಾಕಿ, ಬಿಟ್ಟ ಪದವನ್ನು ಮೇಲೆ ಬರೆದರು.

"ಇದಕ್ಕ ಹಂಸಪಾದ ಅಂತಾರ. ಬಿಟ್ಟು ಹೋದದ್ದನ್ನ ಆಮ್ಯಾಲ ಸೇರಿಸೂ ಗುರ್ತು."

"ಅಳಿಸಿ ಹೊಸಾದು ಬರೀಬಾರದೇನ್ರಿ?"

"ಯಾಕ ಅಳಸಬೇಕು? ಬಿಟ್ಟದ್ದು ತಪ್ಪಲ್ಲ. ಬಿಟ್ಟದ್ದು ಗೊತ್ತಾದ ಮ್ಯಾಲೂ ಹಾಂಗ ಬಿಡೂದು ತಪ್ಪು."

ದಸರೆಯ ಆಯುಧ ಪೂಜೆಯ ದಿನ ಯಂತ್ರಕ್ಕೆ ಚೆಂಡು ಹೂವಿನ ಮಾಲೆ ಹಾಕಿದರು. ಮರುವಾರ ಮಾಮಾ ನನ್ನ ಕೈಗೆ ಒಂದು ಕಾರ್ಡು ಕೊಟ್ಟರು. ಯಾರದೋ ಮದುವೆಯಲ್ಲಿ ಉಳಿದ ತಿಳಿಗೆಂಪು ಕಾಗದ. ಅದರ ಮೇಲೆ ನನ್ನ ಒಂದು ಪಟ್ಟಿಯ ಕಥೆ ಅಚ್ಚಾಗಿತ್ತು. ನನ್ನ ವಾಕ್ಯಗಳು ನನ್ನ ಕೈಬರಹವಿಲ್ಲದೆ ನಿಂತದ್ದನ್ನು ಮೊದಲ ಸಲ ನೋಡಿದೆ. ಅವು ನನ್ನವು ಅನಿಸಲಿಲ್ಲ. ಅದಕ್ಕೇ ಖರೇ ಅನಿಸಿದವು.

"ಕೆಳಗ ಹೆಸರು ಹಾಕ್ಲೇನು?"

"ಬ್ಯಾಡ್ರಿ ಮಾಮಾ."

"ನಿನ್ನಂಥಾಕಿನ್ನ ಮೊದಲ ಸಲ ನೋಡಾಕತ್ತೇನಿ. ನನ್ನ ಗಿರಾಕಿಗೋಳಿಗೆ ಹೆಸರು ಬಿಟ್ಟು ಬ್ಯಾರೆ ಏನೂ ಬ್ಯಾಡ, ಅದೂ ದಪ್ಪ ಅಕ್ಷರದಾಗ."

ಅಲ್ಲಿಂದ ಮುಂದೆ ಶಾಲೆ ಬಿಟ್ಟ ಮೇಲೆ ನನಗೆ ಕಂಪ್ಯೂಟರಿನ ಮುಂದೆ ಜಾಗ ಸಿಕ್ಕಿತು. ಅಕ್ಷರ ಜೋಡಿಸುವುದನ್ನೂ ಪ್ರೂಫ್ ಓದುವುದನ್ನೂ ಮಾಮಾ ಕಲಿಸಿದರು. ಗಿರಾಕಿ ಬರೆದುಕೊಟ್ಟ ಮೂಲ ಹಾಳೆಯನ್ನು ನಾನು ಜೋರಾಗಿ ಓದಬೇಕು. ಮಾಮಾ ಅಚ್ಚಾದ ಪ್ರೂಫಿನ ಮೇಲೆ ಪೆನ್ನು ಸರಿಸುತ್ತ ಕೇಳಿಸಿಕೊಳ್ಳಬೇಕು. ಚಿಹ್ನೆಗಳನ್ನೂ ಬಿಡುವಂತಿಲ್ಲ. "ಶ್ರೀಮತಿ ಮತ್ತು ಶ್ರೀ, ಅಲ್ಪವಿರಾಮ, ಆಪ್ತೇಷ್ಟರು, ಪೂರ್ಣವಿರಾಮ." ದಿನವಿಡೀ ಹತ್ತು ಮಾತು ಆಡದ ನಾನು ಆ ಖೋಲಿಯಲ್ಲಿ ಒಂದು ತಾಸು ಗಂಟಲು ಬಿಚ್ಚಿ ಓದುತ್ತಿದ್ದೆ.

ಶಿವರಾತ್ರಿಯ ಮುಂಚೆ ಮನೆ ಝಾಡಿಸುವಾಗ ಕ್ಯಾಲೆಂಡರಿನ ಹಿಂದೆ ಒಂದು ಅರ್ಜಿ ಸಿಕ್ಕಿತು. ದೂರದ ಊರಿನ ಒಂದು ವಸತಿ ಶಾಲೆ, ಎಂಟನೆಯ ತರಗತಿ. ಅತ್ತೆಯ ದುಂಡು ಅಕ್ಷರದಲ್ಲಿ ನನ್ನ ಹೆಸರು, ಹುಟ್ಟಿದ ದಿನ ಎಲ್ಲ ತುಂಬಿತ್ತು. ಸಹಿಯ ಜಾಗ ಮಾತ್ರ ಖಾಲಿ ಇತ್ತು. ಕೆಲವು ದಿನಗಳ ಹಿಂದೆ ಪಕ್ಕದ ಮನೆಯ ಕಮಲಾಬಾಯಿ ನಳದ ಹತ್ತಿರ, "ತಂದಿ ತಾಯಿ ಇಲ್ಲದ ಹುಡುಗ್ಯಾರಿಗೆ ಅಲ್ಲೆ ಭಾಳ ಛಲೋ ವ್ಯವಸ್ಥಾ ಅದ ಅಂತ್ರಿ ಟೀಚರ" ಎಂದಿದ್ದೂ ಅತ್ತೆ ಏನೂ ಉತ್ತರ ಕೊಡದಿದ್ದುದೂ ನೆನಪಾಯಿತು. ಅರ್ಜಿಯನ್ನು ಇದ್ದಲ್ಲೇ ಇಟ್ಟೆ.

ನನಗೆ ಅಲ್ಲಿಗೆ ಹೋಗುವ ಮನಸ್ಸಿರಲಿಲ್ಲ. ಆ ಖೋಲಿ, ಆ ಪಟ್ಟಿಗಳು, ಕೆಂಪು ಪೆನ್ನು, ಮಾಮಾನ ಮಾತು, ಇವುಗಳ ನಡುವೆ ಇರುವ ಆಸೆ ಎಷ್ಟಿತ್ತೆಂದರೆ ಅದನ್ನು ಕೇಳಲು ಬಾಯಿ ಬರಲಿಲ್ಲ. ಕೇಳಿದರೆ ಉತ್ತರ ಬರುತ್ತದಲ್ಲ. ಅದರ ಬದಲು ತಪ್ಪು ಮಾಡದೆ ಇರಲು ತೀರ್ಮಾನಿಸಿದೆ. ತಪ್ಪಿಲ್ಲದ ಹುಡುಗಿಯನ್ನು ಯಾರೂ ಕಳಿಸಲಿಕ್ಕಿಲ್ಲ ಎಂದು ನನ್ನ ಲೆಕ್ಕ. ಮೂರು ತಿಂಗಳು ನನ್ನ ಕೈಯಿಂದ ಒಂದು ಒತ್ತಕ್ಷರವೂ ತಪ್ಪಲಿಲ್ಲ.

ಮೇ ತಿಂಗಳು ಮದುವೆಗಳ ತಿಂಗಳು. ಉಪ್ಪಿನಬೆಟಗೇರಿಯಿಂದ ಒಂದು ಲಗ್ನಪತ್ರಿಕೆಯ ಮೂಲ ಬಂತು. ನೋಟ್‌ಬುಕ್ಕಿನ ಹಾಳೆ, ನೀಲಿ ಶಾಯಿಯ ಚೊಕ್ಕ ಅಕ್ಷರ. ವಧುವಿನ ಕಡೆ ಎರಡು ಸಾಲು: ಮೇಲೆ ‘ಶ್ರೀ ಚನ್ನಪ್ಪ ಇವರ ಮೊಮ್ಮಗಳು’, ಕೆಳಗೆ ‘ಶ್ರೀ ಬಸವರಾಜ ಇವರ ಮಗಳು’. ಆ ಎರಡು ಸಾಲುಗಳ ನಡುವಿನ ಇಕ್ಕಟ್ಟಿನಲ್ಲಿ, ಬೇರೆ ಶಾಯಿಯಲ್ಲಿ, ನಡುಗುವ ಕೈಯಿಂದ ಬರೆದ ಒಂದು ‘ದಿ.’ ಇತ್ತು. ಪಕ್ಕದಲ್ಲಿ ಹಂಸಪಾದ. ಆದರೆ ಅದರ ತುದಿ ಅಡ್ಡಡ್ಡವಾಗಿ ಹೋಗಿತ್ತು. ಮೇಲಿನ ಸಾಲಿಗೋ ಕೆಳಗಿನದಕ್ಕೋ ಹೇಳುವಂತಿರಲಿಲ್ಲ. ದಿವಂಗತರು ಯಾರು?

ಕೇಳಬೇಕಿತ್ತು. ನಾನು ಯೋಚನೆಯನ್ನೂ ಮಾಡಲಿಲ್ಲ. ಅಜ್ಜಂದಿರು ಹೋಗಿರುತ್ತಾರೆ, ಅಪ್ಪಂದಿರು ಇರುತ್ತಾರೆ ಎಂದು ನನ್ನ ಬೆರಳುಗಳು ತಾವಾಗಿ ನಿರ್ಧರಿಸಿ ‘ದಿ. ಚನ್ನಪ್ಪ’ ಎಂದು ಜೋಡಿಸಿದವು. ಹಾಗಿರಲೇಬೇಕೆಂದಿಲ್ಲ ಎಂಬುದು ಆ ಓಣಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ನಾನೇ.

ಪ್ರೂಫ್ ಓದುವಾಗಲೂ ನಾನು ಹಾಗೆಯೇ ಓದಿದೆ, ಆದ್ದರಿಂದ ಮಾಮಾನಿಗೆ ಸರಿಯಾಗಿ ಕೇಳಿಸಿತು. ಅತ್ತೆ ಕಾಗುಣಿತ ನೋಡಿದರು; ಕಾಗುಣಿತದಲ್ಲಿ ತಪ್ಪಿರಲಿಲ್ಲ. ಹಳ್ಳಿಯಿಂದ ಬಂದ ಒಬ್ಬ ವಯಸ್ಸಾದವರು ಪ್ರೂಫಿನ ಕೆಳಗೆ ಸಹಿ ಹಾಕಿ ಹೋದರು. ನಾನು ಆಗ ಒಳಗೆ ಇದ್ದೆ. ಕಾರ್ಡುಗಳು ಅಚ್ಚಾಗಿ ಹೋದವು.

ನಾಲ್ಕು ದಿನಗಳ ಮೇಲೆ, ಬೆಳಗಿನ ಹೊತ್ತು, ಕಾರ್ಡಿನ ಕಟ್ಟುಗಳನ್ನು ಹೊತ್ತುಕೊಂಡು ಇಬ್ಬರು ಬಂದರು. ಮುಂದಿದ್ದವನು ಮೂವತ್ತರ ಆಸುಪಾಸಿನವನು. ಮೆಟ್ಟಿಲ ಮೇಲೆಯೇ ದನಿ ಎತ್ತಿದ.

"ಪ್ರೆಸ್ಸಿನ್ಯಾವ್ರು ಯಾರ್ರೀ? ಇದನ್ನೊಂದೀಟು ಓದ್ರಿ. ಜೋರಾಗಿ ಓದ್ರಿ."

ಮಾಮಾ ಮೂಗಿನ ಮೇಲಿನ ಚಾಳೀಸು ಏರಿಸಿ ಓದಿದರು. "ದಿವಂಗತ ಚನ್ನಪ್ಪ ಇವರ ಮೊಮ್ಮಗಳು..."

ಹಿಂದೆ ನಿಂತಿದ್ದ ಮುದುಕರು ಕೈ ಮುಗಿದರು. "ನಮಸ್ಕಾರ್ರಿ. ದಿವಂಗತ ಚನ್ನಪ್ಪ ನಾನರೀ."

ಮಾಮಾ ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಮುಂದಿದ್ದವನು ಆ ಅಜ್ಜನ ತಮ್ಮನ ಮಗ ಈರಣ್ಣ. ಅವನ ಸಿಟ್ಟು ಇಳಿದಿರಲಿಲ್ಲ. "ಮೊದಲನೇ ಕಾರ್ಡು ದೇವರ ಮುಂದ ಇಟ್ಟು ಓದಿದ್ರ ಹೆಣ್ಮಕ್ಕಳು ಅಳಾಕ ಚಾಲೂ ಮಾಡ್ಯಾರ. ಲಗ್ನದ ಮನ್ಯಾಗ ಹಿರಿಯಾನ್ನ ಕೊಂದ್ರಿ ನೀವು. ಇದು ಅಪಶಕುನ ಅಲ್ಲೇನ್ರಿ?"

"ಈರಣ್ಣಾ, ಸತ್ತಾವನ ಮಾತಾಡಾಕ ಬಂದಾನ. ಅವಗೂ ಒಂದೀಟು ಬಿಡಪಾ" ಎಂದರು ಅಜ್ಜ.

"ತಪ್ಪು ನಂದ್ರೀ ಯಜಮಾನ್ರ" ಎಂದರು ಮಾಮಾ. "ಜೋಡಿಸಿದಾವ ನಾನ. ಹೊಸಾದು ಮಾಡಿ ಕೊಡ್ತೇನಿ."

ಸಹಿಯಾದ ಪ್ರೂಫು ಅವರ ತಲೆಯ ಹಿಂದೆಯೇ ಮೊಳೆಯಲ್ಲಿತ್ತು. ಕೈ ಚಾಚಿದ್ದರೆ ಸಿಗುತ್ತಿತ್ತು. ಅವರು ಕೈ ಚಾಚಲಿಲ್ಲ. ಕಾಗದದ ಕಟ್ಟುಗಳ ಹಿಂದೆ ನಿಂತು ನಾನು ಅದನ್ನು ನೋಡಿದೆ. ಅವರು ನನ್ನ ಹೆಸರನ್ನೂ ತೆಗೆಯಲಿಲ್ಲ ಎಂಬುದನ್ನೂ ನೋಡಿದೆ. ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಕ್ಯಾಲೆಂಡರಿನ ಹಿಂದಿನ ಅರ್ಜಿಗೆ ನಾನಾಗಿ ಕಾರಣ ಒದಗಿಸಿದಂತೆಯೂ ಆಗುತ್ತಿರಲಿಲ್ಲ.

"ನಾ ಮಾಡೀನ್ರಿ ಅಜ್ಜಾ" ಎಂದೆ. ದನಿ ಪ್ರೂಫ್ ಓದುವ ದನಿಯಂತೆ ಜೋರಾಗಿ ಬಂತು.

"ಸಣ್ಣ ಹುಡುಗಿ ಕೈಯಾಗ ಲಗ್ನದ ಕಾರ್ಡು ಕೊಟ್ಟಿದ್ರೇನ್ರಿ?" ಈರಣ್ಣ ಮಾಮಾನ ಕಡೆ ತಿರುಗಿದ.

ಅಜ್ಜ ನನ್ನನ್ನೇ ನೋಡುತ್ತಿದ್ದರು. "ಯಾರ ಮಗಳವಾ ನೀ?"

ನಮ್ಮ ಕಡೆ ಹಿರಿಯರು ಮಕ್ಕಳಿಗೆ ಕೇಳುವ ಮೊದಲ ಪ್ರಶ್ನೆ ಅದು. ನನ್ನ ಉತ್ತರ ಒಂದು ವರ್ಷದಿಂದ ಸಿದ್ಧವಾಗಿತ್ತು, ಹುಬ್ಬಳ್ಳಿ ಎಂದರಾಯಿತು. ಅವತ್ತು ಆ ಊರಿನ ಹೆಸರು ಬಾಯಿಗೆ ಬರಲಿಲ್ಲ.

"ನಮ್ಮಪ್ಪ ತೀರಿಕೊಂಡಾನ್ರಿ" ಎಂದೆ. ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಬಂದ ಮೇಲೆ ಉಳಿದದ್ದೂ ಬಂತು. "ಅಪ್ಪ ಇರ್ತಾನ, ಅಜ್ಜ ಇರೂದಿಲ್ಲ ಅಂತ ತಿಳದು ಹಾಕಿದ್ನಿರಿ. ಯಾರನ್ನೂ ಕೇಳ್ಲಿಲ್ರಿ. ತಪ್ಪಾತ್ರಿ."

ಅತ್ತೆ ಯಾವಾಗ ಒಳಬಾಗಿಲಿಗೆ ಬಂದು ನಿಂತಿದ್ದರೋ. ಕೈಗೆ ಜೋಳದ ಹಿಟ್ಟು ಮೆತ್ತಿತ್ತು. "ನಮ್ಮ ಹುಡುಗಿರಿ" ಎಂದರು. "ನನ್ನ ತಮ್ಮನ ಮಗಳು. ಅಕಿ ತಪ್ಪು ಮಾಡಿದ್ರ ನಾವ ಮಾಡಿದ್ಹಾಂಗ."

ಅಜ್ಜ ಆಮೇಲೆ ಮೂಲ ಹಾಳೆ ತರಿಸಿ, ಜೇಬಿನಿಂದ ಚಾಳೀಸು ತೆಗೆದು ಹಾಕಿಕೊಂಡರು.

"ನೋಡವಾ, ಈ ನೀಲಿ ಅಕ್ಷರ ನಮ್ಮ ಸೊಸೀದು. ಬಸವರಾಜ ನನ್ನ ಮಗ, ಅಕಿ ಗಂಡ. ಹೋಗಿ ಎರಡು ವರ್ಷಾತು. ಎಲ್ಲಾ ಬರದ್ಲು, ಗಂಡನ ಹೆಸರಿನ ಮುಂದ ಅದೊಂದು ಬರೀಲಿಲ್ಲ. ಬರಿ ಅಂತ ಹೇಳೂದು ನನಗೂ ಆಗ್ಲಿಲ್ಲ. ಅಕಿ ಹಿತ್ತಲಕ್ಕ ಹೋದಾಗ ನಾನ ನಡಕ ಬರದೆ. ನನ್ನ ಕೈ ನಡಗತೈತಿ. ಎತ್ತಾಗ ಹೋತೋ ಏನೋ ಅದು." ಬೆರಳಿನಿಂದ ಆ ಅಡ್ಡ ಹಂಸಪಾದವನ್ನು ಮುಟ್ಟಿದರು. ನಂತರ ಮಾಮಾನ ಕಡೆ ನೋಡಿ, "ಪ್ರೂಫಿನ ಮ್ಯಾಲ ಸಹಿ ನಂದ ಐತೆಲ್ರಿ? ಅವತ್ತ ಚಾಳೀಸ ಮನ್ಯಾಗ ಬಿಟ್ಟ ಬಂದಿದ್ದೆ. ನನ್ನ ಸಾವಿಗೆ ನಾನ ಸಹಿ ಹಾಕೇನಿ. ನೀವು ತೋರಸ್ಲಿಲ್ಲಲ್ಲ?"

"ಅದರಾಗೇನು ತೋರಸೂದ್ರಿ" ಎಂದರು ಮಾಮಾ.

ಈರಣ್ಣ ಕಟ್ಟುಗಳನ್ನು ಕೆಳಗಿಟ್ಟ. ಮೊದಲ ಸಲ ಅವನೂ ನಕ್ಕ.

"ಇನ್ನೊಂದು ಹೇಳ್ತೇನಿ" ಎಂದರು ಅಜ್ಜ. "ಕಾರ್ಡ್ ಓದಿದಾಗ ಮನಿಮಂದೆಲ್ಲಾ ನನ್ನ ಸಲುವಾಗಿ ಅತ್ರು. ನಮ್ಮ ಸೊಸಿ ಅಳಲಿಲ್ಲ. ಒಂದು ಕಾರ್ಡು ಒಯ್ದು ತನ್ನ ಟ್ರಂಕಿನ್ಯಾಗ ಇಟ್ಕೊಂಡ್ಳು. ಅದರಾಗ ಬಸ್ಯಾ ಇನ್ನಾ ಅದಾನಲ್ಲ. ಅದೊಂದು ತಪ್ಪು ಹಾಂಗ ಇರ್ಲಿ. ಉಳದದ್ದು ಸುದ್ದ ಮಾಡಿ ಕೊಡು. ನೀನ ಮಾಡಬೇಕು ಮತ್ತ, ಬ್ಯಾರೆದವರು ಬ್ಯಾಡ."

ಅತ್ತೆ ಚಹಾ ತಂದರು. ಅಜ್ಜ ಕಪ್ಪಿನಿಂದ ಬಸಿಗೆ ಸುರಿದುಕೊಂಡು, "ದಿವಂಗತರಿಗೆ ಸಕ್ಕರಿ ಕಡಿಮಿ ಇರ್ಬೇಕ್ರಿ ಅಕ್ಕಾರ" ಎಂದರು. ಅತ್ತೆ ಜೋರಾಗಿ ನಕ್ಕದ್ದನ್ನು ನಾನು ಕೇಳಿದ್ದೂ ಅವತ್ತೇ ಮೊದಲು.

ಮಧ್ಯಾಹ್ನ ಊಟವಾದ ಮೇಲೆ ಕಂಪ್ಯೂಟರಿನ ಮುಂದೆ ಕುಳಿತೆ. ಚನ್ನಪ್ಪ ಎಂಬ ಹೆಸರಿನ ಮುಂದಿನ ‘ದಿ.’ ಅಳಿಸಿ ‘ಶ್ರೀ’ ಮಾಡುವುದು ಸುಲಭವಿತ್ತು. ಕೆಳಗಿನ ಸಾಲಿಗೆ ಬಂದಾಗ ಬೆರಳು ನಿಂತವು. ಆ ಮನೆಯ ಹೆಂಗಸಿಗೆ ಬರೆಯಲಾಗದ್ದನ್ನು ನಾನು ಬರೆಯಬೇಕಿತ್ತು. ಮಾಮಾ ಅವಸರ ಮಾಡಲಿಲ್ಲ. ಯಂತ್ರಕ್ಕೆ ಎಣ್ಣೆ ಬಿಡುತ್ತ ಅತ್ತ ತಿರುಗಿ ನಿಂತರು. ಒಂದು ಅಕ್ಷರ, ಒಂದು ಚುಕ್ಕೆ. ಬರೆದೆ. ಬಸವರಾಜರ ಹೆಸರು ಅಲ್ಲೇ ಇತ್ತು, ಎಲ್ಲಿಗೂ ಹೋಗಲಿಲ್ಲ. ಅಪ್ಪನ ಹೆಸರೂ ಹಾಗೆಯೇ ಇರುತ್ತದೆ ಎಂದು ನನಗೆ ಆಗ ಅನಿಸಿತು. ಆಮೇಲಿನ ನನ್ನ ಕಥೆಗಳಲ್ಲಿ ಜನ ಸಾಯತೊಡಗಿದರು, ಕಥೆಗಳು ಸ್ವಲ್ಪ ಛಲೋ ಆದವು.

ಆ ಸಲ ಮೂಲ ಓದಿದವರು ಅತ್ತೆ, ಪ್ರೂಫ್ ನೋಡಿದವರು ಮಾಮಾ, ಸಹಿ ಹಾಕಿದವರು ಚಾಳೀಸು ಹಾಕಿಕೊಂಡ ಅಜ್ಜ. ಬಿಸಿಲು ಇಳಿಯುವ ಹೊತ್ತಿಗೆ ಅಚ್ಚು ಮುಗಿಯಿತು. ಹಿತ್ತಲಿನ ಕಲ್ಲಿನ ಮೇಲೆ ಕುಳಿತು ನಾನು ಕೈ ತೊಳೆಯುತ್ತಿದ್ದೆ. ಅತ್ತೆ ಬಂದು ನನ್ನ ಕೈ ತೆಗೆದುಕೊಂಡು, ಎಣ್ಣೆ ಬಟ್ಟೆಯಿಂದ ಒಂದೊಂದೇ ಬೆರಳು ಒರೆಸತೊಡಗಿದರು.

"ಕ್ಯಾಲೆಂಡರ್ ಹಿಂದಿನ ಅರ್ಜಿ ನೋಡೀದಿ ಅಲ್ಲಾ?"

"ಹೂಂ ರಿ."

"ಯಾವಾಗ?"

"ಶಿವರಾತ್ರಿ ಮುಂಚೆ."

"ಅವತ್ತಿನಿಂದ ಒಂದು ಮಾತು ಕೇಳ್ಲಿಲ್ಲ ನೀ."

"ನೀವೂ ಹೇಳ್ಲಿಲ್ರಿ."

ಅತ್ತೆಯ ಕೈ ನಿಂತಿತು. "ನಿನಗ ಇಲ್ಲೆ ಖುಷಿ ಇಲ್ಲ ಅಂತ ತಿಳದಿದ್ದೆ ಸುಮಾ. ಮಾತಿಲ್ಲ, ನಗು ಇಲ್ಲ, ಬರೀ ಬರಕೋತ ಕೂಡ್ತಿ. ಒಂದು ವರ್ಷದಿಂದ ನನಗ ರಿ ಹಚ್ಚಿ ಮಾತಾಡ್ತಿ, ಬಾಡಗಿಗೆ ಇದ್ದವರ ಹಾಂಗ. ಸ್ವಂತ ಅತ್ತಿಗೆ ಯಾರರೇ ರಿ ಅಂತಾರೇನು? ಅಲ್ಲೆ ನಿನ್ನ ವಾರಿಗಿ ಹುಡುಗ್ಯಾರು ಇರ್ತಾರ, ಅವರ ಜೋಡಿ ನಗಬಹುದು ಅಂತ ಅರ್ಜಿ ತಂದೆ. ಸಹಿ ಮಾಡಾಕ ಮಾತ್ರ ಕೈ ಬರಲಿಲ್ಲ." ನನ್ನ ಮುಖ ನೋಡಿ ಕೇಳಿದರು: "ಹೋಗೂ ಮನಸ್ಸದ ಏನು?"

ನಾನು ಒಂದು ವಾಕ್ಯವನ್ನು ಒಳಗೇ ಜೋಡಿಸಿ, ಬೇಡದ್ದನ್ನು ತೆಗೆದೆ.

"ಇಲ್ಲ ಅತ್ತಿ. ನನ್ನ ಕಳಸಬ್ಯಾಡ."

ಅವರು ಬಟ್ಟೆಯನ್ನು ಮತ್ತೆ ಎಣ್ಣೆಯಲ್ಲಿ ಅದ್ದಿ, ಆಗಲೇ ಒರೆಸಿ ಮುಗಿದಿದ್ದ ಬೆರಳನ್ನೇ ಇನ್ನೊಮ್ಮೆ ಒರೆಸಿದರು.

ನಾನು ಅತ್ತೆಗೂ ಮಾಮಾನಿಗೂ ಉಪಕಾರವಾಯಿತು ಎಂದು ಯಾವತ್ತೂ ಹೇಳಿಲ್ಲ. ಮನೆಯವರಿಗೆ ಹಾಗೆ ಹೇಳಿದರೆ ನಮ್ಮ ಕಡೆ ತಮಾಷೆ ಮಾಡುತ್ತಾರೆ, ಮಾಮಾ ಅಂತೂ ಒಂದು ವಾರ ಬಿಡುವುದಿಲ್ಲ. ಅದಕ್ಕೆ ಇಲ್ಲಿ ಬರೆದಿಟ್ಟಿದ್ದೇನೆ. ಅತ್ತೆ ಓದುತ್ತಾರೆ, ಕೆಂಪು ಪೆನ್ನು ಹಿಡಿದೇ ಓದುತ್ತಾರೆ.

ಹಿತ್ತಲಿನ ಆ ಸಂಜೆಯ ಮರುದಿನ ಬೆಳಿಗ್ಗೆ ಎರಡು ಜಡೆ ಹಾಕಿಸಿಕೊಂಡು ಅತ್ತೆಯ ಜೊತೆ ಹೈಸ್ಕೂಲಿಗೆ ನಡೆದು ಹೋದೆ. ಎಂಟನೆಯ ತರಗತಿಗೆ ಹೆಸರು ಹಚ್ಚುವವರ ಸಾಲು ಉದ್ದವಿತ್ತು. ನಮ್ಮ ಪಾಳಿ ಬಂದಾಗ ಗುಮಾಸ್ತರು ತಲೆ ಎತ್ತದೆ, "ಮನಿ ಎಲ್ಲೆವಾ?" ಎಂದು ಕೇಳಿದರು. ಅತ್ತೆ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: ಮನೆಯ ನಂಬರು, ಓಣಿಯ ಹೆಸರು, ಧಾರವಾಡ, ಪಿನ್‌ಕೋಡ್ ಸಮೇತ.